ಎದೆಯೊಳಗಿನ ತೂತಿಗೊಂದು ಹಿಸ್ಸಾ ನಂಬರು

ಹೋದ ಸಲ ನಮ್ಮ ಕಡೆಯ ಮಂಡಕ್ಕಿ ಒಗ್ಗರಣೆಯ ಬಗ್ಗೆ ಬರೆದಿದ್ದೆ. ಮೆಣಸಿನಕಾಯಿ ಹಸಿಯದೋ ಕೆಂಪೋ ಅಂತ ಜಗಳ ಆಡಿದವರಿಗೆಲ್ಲ ಉತ್ತರ ಬಾಕಿ ಇದೆ, ಗೊತ್ತು. ಈ ಸಲ ಅಡಿಗೆಮನೆ ಬಿಟ್ಟು ಬೇರೆ ಮಾತು. ಹೋದ ವರ್ಷ ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ನಮ್ಮ ಮನೆತನದಲ್ಲಿ ನಡೆದದ್ದು. ಬರೆಯಬೇಕೋ ಬೇಡವೋ ಅಂತ ಒಂದು ವರ್ಷ ತಡೆದೆ. ಮೊನ್ನೆ ಚಿಗವ್ವ ತಾನಾಗಿಯೇ, "ಬರಿಯವ್ವಾ, ಹೆಸರು ಹಾಕಬ್ಯಾಡ, ಉಳಿದದ್ದು ಬರಿ. ಯಾರಿಗರ ಉಪಯೋಗ ಆಗ್ಲಿ" ಅಂದಳು. ಅದಕ್ಕೇ ಕೂತಿದ್ದೇನೆ.

ಮೊದಲು ನನ್ನ ಹಳೇ ಕೆಲಸದ ಬಗ್ಗೆ ಹೇಳಬೇಕು. ಬಿ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಹೋದಾಗ ನನಗೆ ಸಿಕ್ಕಿದ್ದು ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಆಸ್ಪತ್ರೆಯವರು ರೋಗಿಗೆ ಏನು ಮಾಡಿದರು ಅನ್ನೋದನ್ನು ಡಾಕ್ಟರು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಅದನ್ನು ಓದಿ ನಂಬರುಗಳಾಗಿ ಬದಲಾಯಿಸುವುದು ನಮ್ಮ ಕೆಲಸ. ಆ ನಂಬರು ನೋಡಿ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ. ರಾತ್ರಿ ಪಾಳಿ, ಆಫೀಸ್ ಕ್ಯಾಬು, ಬೆಳಗಿನ ಜಾವ ಆರಕ್ಕೆ ಪಿ.ಜಿ.ಗೆ ಬಂದು ತಣ್ಣಗಿನ ಇಡ್ಲಿ. ಮೊದಲು ಸಾಮಾನ್ಯ ಚಾರ್ಟು ಕೊಟ್ಟರು, ಆಮೇಲೆ ಹೃದಯದ್ದು, ಕೊನೆಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳ ಆಪರೇಷನ್ನಿನ ಚಾರ್ಟು. ಕೊರೊನಾ ಬಂದಾಗ ಲ್ಯಾಪ್‌ಟಾಪ್ ಸಮೇತ ಚಿಗಟೇರಿಗೆ ಬಂದವಳು ಇಲ್ಲೇ ಉಳಿದೆ. ನೆಟ್‌ವರ್ಕ್ ಸಿಗಲಿ ಅಂತ ಮಾಳಿಗೆ ಮೇಲೆ ಕೂತು ಕೆಲಸ ಮಾಡಿದ ಕಥೆ ಇಲ್ಲಿ ಹಿಂದೆಯೇ ಬರೆದಿದ್ದೇನೆ.

ಊರಲ್ಲಿ ನನ್ನ ಕೆಲಸವನ್ನು ಯಾರಿಗೂ ಬಿಡಿಸಿ ಹೇಳಲು ಆಗಲಿಲ್ಲ. "ಆಸ್ಪತ್ರಿ ಬಿಲ್ಲು ಬರಿಯೋ ಹುಡುಗಿ" ಅಂತ ಹೆಸರು ಬಿತ್ತು. ಅಲ್ಲಿಂದ ಶುರುವಾಯಿತು ನೋಡಿ. ಯಾರ ಮನೆಯಲ್ಲಿ ಆಸ್ಪತ್ರೆ ಚೀಟಿ ಇದ್ದರೂ ನಮ್ಮ ಕಟ್ಟೆಗೆ ಬರೋದು. ನಾನು ಮಾತ್ರೆ ಹೆಸರು ಓದಿ ಹೇಳುತ್ತಿದ್ದೆ, ಅಷ್ಟೇ. ಅಮೆರಿಕದ ಬಿಲ್ಲು ಗೊತ್ತಿದ್ದವಳಿಗೆ ನಮ್ಮೂರ ಬಿಲ್ಲು ಗೊತ್ತಿರಲಿಲ್ಲ ಅನ್ನುವ ಸತ್ಯ ಒಳಗೇ ಇಟ್ಟುಕೊಂಡಿದ್ದೆ.

ಚಿಗವ್ವನ ಮೊಮ್ಮಗಳಿಗೆ ಆಗ ಹದಿಮೂರು ತಿಂಗಳು. ಕೂಸು ಕೆಂಪಗೆ, ಚೆಂದ, ಆದರೆ ಮೈ ಹತ್ತಿರಲಿಲ್ಲ. ಆರೂವರೆ ಕೆಜಿ. ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುಸಿರು ಬಿಡೋದು, ಹಣೆ ಮೇಲೆ ಬೆವರು. ಪದೇಪದೇ ಕೆಮ್ಮು, ಕಫ. "ದೃಷ್ಟಿ ಆಗೇತಿ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು, ನಾರದಮುನಿ ಗುಡಿಯಲ್ಲಿ ಹರಕೆ ಹೊತ್ತದ್ದೂ ಆಯಿತು. ಗೊತ್ತಾಗಿದ್ದು ಅಂಗನವಾಡಿಗೆ ಬಂದ ಡಾಕ್ಟರಿಂದ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದ ಯೋಜನೆ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ರೋಗ, ಬೆಳವಣಿಗೆಯ ಹಿನ್ನಡೆ, ಹೀಗೆ ಹುಟ್ಟಿದಾಗಿನಿಂದ ಹದಿನೆಂಟು ವರ್ಷದವರೆಗೆ. ಜೀಪಿನಲ್ಲಿ ಬಂದು ತೂಕ ಮಾಡಿ ಹೋಗ್ತಾರೆ ಅಂತ ನಾವು ಲಘುವಾಗಿ ಮಾತಾಡುತ್ತೇವಲ್ಲ, ಅವರಲ್ಲಿ ಒಬ್ಬ ಹೆಣ್ಣುಮಗಳು ಸ್ಟೆತಸ್ಕೋಪ್ ಇಟ್ಟು ಎರಡು ನಿಮಿಷ ಸುಮ್ಮನೆ ಕೇಳಿದಳಂತೆ. ಆಮೇಲೆ, "ಎದೆಯೊಳಗ ಸಪ್ಪಳ ಐತಿ, ತಡ ಮಾಡಬ್ಯಾಡ್ರಿ" ಅಂದಳು. ಆ ಎರಡು ನಿಮಿಷಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ನಮ್ಮ ಹೃದಯದಲ್ಲಿ ನಾಲ್ಕು ಕೋಣೆ. ಮೇಲೆರಡು, ಕೆಳಗೆರಡು. ಮೇಲಿನ ಎರಡರ ನಡುವಿನ ಗೋಡೆಯಲ್ಲಿ ತೂತು ಉಳಿದರೆ ಎ.ಎಸ್.ಡಿ., ಕೆಳಗಿನ ಎರಡರ ನಡುವೆ ಉಳಿದರೆ ವಿ.ಎಸ್.ಡಿ. ಹೇಳುವಾಗ ಒಂದೇ ಅಕ್ಷರದ ಫರಕು. ಮಗುವಿಗೆ ಮಾತ್ರ ಹಾಗಲ್ಲ. ಮೇಲಿನ ಗೋಡೆಯ ತೂತು ಸಾಮಾನ್ಯವಾಗಿ ಎಳೆಗೂಸಿಗೆ ಅಷ್ಟಾಗಿ ಕಾಟ ಕೊಡುವುದಿಲ್ಲ, ಎಷ್ಟೋ ಜನಕ್ಕೆ ದೊಡ್ಡವರಾದ ಮೇಲೆ ಗೊತ್ತಾಗುತ್ತದೆ. ಕೆಳಗಿನದು ದೊಡ್ಡದಾಗಿದ್ದರೆ ಕೆಲವೇ ತಿಂಗಳಲ್ಲಿ ಕೂಸನ್ನು ಸೊರಗಿಸುತ್ತದೆ. ಎಡಗಡೆಯ ರಭಸದ ರಕ್ತ ತೂತಿನಿಂದ ಬಲಗಡೆಗೆ ನುಗ್ಗಿ ಪುಪ್ಪುಸಕ್ಕೆ ಹೋಗುತ್ತದೆ. ಹಾಗೇ ಬಿಟ್ಟರೆ ಪುಪ್ಪುಸದ ರಕ್ತನಾಳಗಳು ಗಡಸಾಗಿ, ಒಂದು ಹಂತ ದಾಟಿದ ಮೇಲೆ ತೂತು ಮುಚ್ಚುವ ಆಪರೇಷನ್ನೇ ಮಾಡಲಾಗದ ಸ್ಥಿತಿ ಬರುತ್ತದೆ. ಆದ್ದರಿಂದ ಇಲ್ಲಿ ತಡ ಅನ್ನುವುದಕ್ಕೆ ದುಡ್ಡಿಗಿಂತ ದೊಡ್ಡ ಲೆಕ್ಕ ಇದೆ.

ಕೂಸನ್ನು ಒಂದು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ರೆಫರಲ್ ಚೀಟಿ ಬರೆಸಿಕೊಂಡು, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ನಡೆಯುವ ಆಸ್ಪತ್ರೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ಹೋಗಿ ಅಂತ ಊರಲ್ಲಿ ಹಲವರು ಹೇಳಿದರು. 2001ರ ಜನವರಿಯಿಂದ ನಡೆಯುತ್ತಿರುವ ಆ ಆಸ್ಪತ್ರೆಯಲ್ಲಿ ಬಿಲ್ ಕಟ್ಟುವ ಕೌಂಟರೇ ಇಲ್ಲ. ನನ್ನಂಥ ಬಿಲ್ಲಿನ ಮಂದಿಗೆ ಇದು ನಂಬಲು ಕಷ್ಟ. ಆದರೆ ಅಲ್ಲಿ ಸರದಿ ಇರುತ್ತದೆ, ಈ ಕೂಸಿಗೆ ಕಾಯುವ ಸಮಯ ಇಲ್ಲ ಅನ್ನುವ ಲೆಕ್ಕದ ಮೇಲೆ ಎಲ್ಲಿ ಬೇಗ ಆಗುತ್ತದೋ ಅಲ್ಲಿಗೆ ಹೋದರು.

ಮೂರನೇ ದಿನ ರಾತ್ರಿ ತಮ್ಮ ಫೋನ್ ಮಾಡಿದ. ತಮ್ಮ ಅಂದರೆ ಚಿಗವ್ವನ ಮಗ, ಕೂಸಿನ ಅಪ್ಪ.

"ಅಕ್ಕಾ, ಎಪ್ಪತ್ತು ಸಾವಿರ ಕಟ್ಟು ಅಂತಾರ."

"ಯಾಕೋ? ಕಾರ್ಡು ಐತಲ್ಲ?"

"ಐತಿ. ಅಪ್ರೂವಲ್ಲೂ ಬಂದೈತಂತ. ಆದ್ರ ಅಪ್ರೂವಲ್ ಬಂದಿರೋದು ಸಣ್ಣ ಆಪರೇಷನ್ನಿಗೆ, ಕೂಸಿಗೆ ಮಾಡಬೇಕಾಗಿರೋದು ದೊಡ್ಡದು, ನಡುವಿನ ದುಡ್ಡು ನೀವು ಕೊಡಬೇಕು ಅಂತ ಕೌಂಟರಿನಾಗ ಹೇಳಿದ್ರು. ಹದಿನೈದು ಸಾವಿರ ಕಟ್ಟೀನಿ."

"ಎಲ್ಲಿಂದ ಬಂತು?"

ಆ ಕಡೆ ಮಾತಿಲ್ಲ. ಆಮೇಲೆ ತಿಳಿಯಿತು, ಅವನ ಹೆಂಡತಿಯ ಬೆಂಡೋಲೆ. ಜೂನ್ ತಿಂಗಳು. ಮೆಕ್ಕೆಜೋಳದ ಬೀಜ, ಗೊಬ್ಬರ ಎಲ್ಲ ಉದ್ರಿಯಲ್ಲಿ ತಂದು ಹೊಲಕ್ಕೆ ಹಾಕಿ ಆಗಿತ್ತು. ನಮ್ಮ ಕಡೆಯ ರೈತನಿಗೆ ಜೂನಿನಲ್ಲಿ ದುಡ್ಡು ಕೇಳಿದರೆ ಮಣ್ಣೊಳಗೆ ಕೈ ಹಾಕಿ ಬೀಜ ಆರಿಸಿಕೊಡು ಅಂದ ಹಾಗೆ.

"ಇದ್ದ ಕಾಗದ ಎಲ್ಲಾ ಫೋಟೋ ಹೊಡೆದು ಕಳಿಸು" ಅಂದೆ.

ಒಂದೊಂದಾಗಿ ವಾಟ್ಸಾಪಿಗೆ ಬಂದವು. ರೆಫರಲ್ ಚೀಟಿ, ರೇಷನ್ ಕಾರ್ಡು, ಬೆಂಗಳೂರಿನಲ್ಲಿ ಮಾಡಿದ ಎಕೋ ರಿಪೋರ್ಟು, ಅಪ್ರೂವಲ್ಲಿನ ಒಂದು ಪ್ರಿಂಟು. ಮಾಳಿಗೆ ಮೇಲೆ ಕೂತು ದೊಡ್ಡದು ಮಾಡಿ ನೋಡಿದೆ. ರೆಫರಲ್ ಚೀಟಿಯಲ್ಲಿ ಅವಸರದ ಕೈಬರಹ: ಎ.ಎಸ್.ಡಿ. ಬೆಂಗಳೂರಿನ ಎಕೋದಲ್ಲಿ ಟೈಪು ಮಾಡಿದ ಅಕ್ಷರ: ದೊಡ್ಡ ವಿ.ಎಸ್.ಡಿ. ಅಪ್ರೂವಲ್ ಕೇಳಿದವರು ಎಕೋ ನೋಡಿಲ್ಲ, ಚೀಟಿ ನೋಡಿ ಎ.ಎಸ್.ಡಿ. ಮುಚ್ಚುವ ಕೋಡು ಹಾಕಿ ಕಳಿಸಿದ್ದಾರೆ. ಅದಕ್ಕೆ ಒಪ್ಪಿಗೆ ಬಂದಿದೆ.

ನನ್ನ ಕೆಲಸದಲ್ಲಿ ಇಂಥದ್ದು ದಿನಕ್ಕೆ ಹತ್ತು ನೋಡುತ್ತಿದ್ದೆ. ಆದರೆ ಆ ರಾತ್ರಿ ಮೊದಲ ಸಲ ಕೈ ನಡುಗಿತು.

ಕೋಡು ಅಂದರೇನು ಅಂತ ಕೇಳುವವರಿಗೆ ನಾನು ಹೊಲದ ಲೆಕ್ಕ ಹೇಳುತ್ತೇನೆ. ಹೊಲಕ್ಕೆ ಸರ್ವೆ ನಂಬರು ಇರುತ್ತದೆ, ಪಾಲಾದರೆ ಹಿಸ್ಸಾ ನಂಬರು. ರೋಗಕ್ಕೂ ಹಾಗೇ. ಐಸಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿ ಇದೆ. ಅದರ ಹತ್ತನೇ ಆವೃತ್ತಿಯಲ್ಲಿ ಹುಟ್ಟಿನಿಂದ ಬಂದ ದೋಷಗಳಿಗೆಲ್ಲ ಕ್ಯೂ ಅಕ್ಷರ, ಹೃದಯ ಮತ್ತು ರಕ್ತನಾಳಕ್ಕೆ ಕ್ಯೂ 20ರಿಂದ 28. ಹೃದಯದ ನಡುಗೋಡೆಯ ತೂತುಗಳ ಸರ್ವೆ ನಂಬರು ಕ್ಯೂ 21. ಅದರಲ್ಲಿ 21.0 ಅಂದರೆ ವಿ.ಎಸ್.ಡಿ., 21.1 ಅಂದರೆ ಎ.ಎಸ್.ಡಿ., 21.3 ಅಂದರೆ ಮಕ್ಕಳು ನೀಲಿಗಟ್ಟುವ ಫ್ಯಾಲೋ ದೋಷ. ಏನೂ ಗೊತ್ತಿಲ್ಲದಿದ್ದರೆ, ಅಥವಾ ಡಾಕ್ಟರು ಬಿಡಿಸಿ ಬರೆಯದಿದ್ದರೆ, ಕ್ಯೂ 24.9. ಅಂದರೆ "ಹೃದಯದಲ್ಲಿ ಏನೋ ದೋಷ ಇದೆ" ಅಷ್ಟೇ. ಪಹಣಿಯಲ್ಲಿ ಒಂದು ಹಿಸ್ಸಾ ತಪ್ಪಿದರೆ ಬೆಳೆಸಾಲ ಯಾರದ್ದೋ ಹೆಸರಿಗೆ ಹೋಗುವುದಿಲ್ಲವೇ? ಇಲ್ಲೂ ಅಷ್ಟೇ. ಅಮೆರಿಕದವರಂತೂ 2022ರ ಅಕ್ಟೋಬರಿನಿಂದ 21.1 ಅನ್ನೂ ಮತ್ತೆ ಹೋಳು ಮಾಡಿ, ಮೇಲಿನ ಗೋಡೆಯ ಯಾವ ಜಾಗದಲ್ಲಿ ತೂತು ಅನ್ನುವುದಕ್ಕೆ ಬೇರೆ ಬೇರೆ ನಂಬರು ಕೊಟ್ಟಿದ್ದಾರೆ.

ಇದು ರೋಗದ ನಂಬರು. ಮಾಡಿದ ಕೆಲಸಕ್ಕೆ ಇನ್ನೊಂದು. ಅಮೆರಿಕದಲ್ಲಿ ಅದಕ್ಕೆ ಸಿಪಿಟಿ ಅನ್ನುತ್ತಾರೆ, ಅಲ್ಲಿನ ವೈದ್ಯರ ಸಂಘದ ಸ್ವತ್ತು ಅದು. ವಿ.ಎಸ್.ಡಿ. ಮುಚ್ಚಿದರೆ 33681, ಎ.ಎಸ್.ಡಿ. ಮುಚ್ಚಿದರೆ 33641. ಎರಡನ್ನೂ ಒಂದೇ ಸಲ ಮುಚ್ಚಿದರೆ ಎರಡೂ ನಂಬರು ಹಾಕಿ ಎರಡು ದುಡ್ಡು ಕೇಳುವ ಹಾಗಿಲ್ಲ. ಅದಕ್ಕೆಂದೇ 33647 ಅಂತ ಮೂರನೇ ನಂಬರು ಇದೆ. ನಾಲ್ಕು ಕೆಜಿಗಿಂತ ಕಡಿಮೆ ತೂಕದ ಕೂಸಾದರೆ ಕೆಲವು ಕೋಡುಗಳ ಹಿಂದೆ 63 ಅಂತ ಬಾಲ ಅಂಟಿಸಬೇಕು, ಅಷ್ಟು ಪುಟ್ಟ ಮೈಯಲ್ಲಿ ಕೆಲಸ ಮಾಡುವುದು ಕಷ್ಟ ಅನ್ನುವುದಕ್ಕೆ. ನಾನು ಆ 63 ಎಷ್ಟು ಸಲ ಒತ್ತಿದ್ದೇನೋ ಲೆಕ್ಕ ಇಲ್ಲ. ನಾಲ್ಕು ಕೆಜಿಗಿಂತ ಕಡಿಮೆ ಅಂದರೆ ಒಂದು ಕೂಸು, ಅದಕ್ಕೊಬ್ಬ ಚಿಗವ್ವ ಇರುತ್ತಾಳೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ. ದಿನದ ಟಾರ್ಗೆಟ್ಟು ಮುಗಿಯಿತಾ ಅನ್ನೋದೇ ಚಿಂತೆ.

ನಮ್ಮಲ್ಲಿ ಪದ್ಧತಿ ಬೇರೆ. ಅಲ್ಲಿನ ಹಾಗೆ ಒಂದೊಂದಕ್ಕೂ ಬಿಲ್ಲು ಇಲ್ಲ, ಇಡೀ ಆಪರೇಷನ್ನಿಗೆ ಒಂದು ಪ್ಯಾಕೇಜು. ಹಾಸಿಗೆ, ಊಟ, ಪರೀಕ್ಷೆ, ಔಷಧಿ, ಡಾಕ್ಟರ ಫೀಸು, ಬಿಡುಗಡೆ ಆದ ಮೇಲೆ ಹದಿನೈದು ದಿನದ ಮಾತ್ರೆ, ಎಲ್ಲಾ ಅದರಲ್ಲೇ. ಆಯುಷ್ಮಾನ್ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಯನ್ನು ಮೂರು ವರ್ಗ ಮಾಡಿದ್ದಾರೆ. ಬರೀ ಎ.ಎಸ್.ಡಿ. ಮುಚ್ಚುವುದು ಒಂದನೇ ವರ್ಗ. ವಿ.ಎಸ್.ಡಿ. ಎರಡನೇ ವರ್ಗ. ಫ್ಯಾಲೋ ದೋಷದ ಪೂರ್ತಿ ರಿಪೇರಿ, ಅದಲುಬದಲಾದ ಮಹಾನಾಳಗಳನ್ನು ಸರಿಮಾಡುವುದು, ಇಂಥವು ಮೂರನೇ ವರ್ಗ. ವರ್ಗ ಏರಿದ ಹಾಗೆ ದರ ಏರುತ್ತದೆ. ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಒಟ್ಟಿಗೆ ಮಾಡಿದರೆ ದೊಡ್ಡದಕ್ಕೆ ಪೂರ್ತಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಭಾಗ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30 ಮಾತ್ರ ಸರ್ಕಾರದ್ದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದದ್ದು ಕೈಯಿಂದ.

ಈಗ ನಮ್ಮ ಕೂಸಿನ ಲೆಕ್ಕ ನೋಡಿ. ಒಂದನೇ ವರ್ಗಕ್ಕೂ ಎರಡನೇ ವರ್ಗಕ್ಕೂ ಇರುವ ಫರಕನ್ನು ಸರ್ಕಾರದಿಂದ ಕೇಳಬೇಕೇ ಹೊರತು ಅಪ್ಪನಿಂದಲ್ಲ. ಹಳೇ ಅಪ್ರೂವಲ್ ರದ್ದು ಮಾಡಿ, ಹೊಸ ಎಕೋ ಲಗತ್ತಿಸಿ, ಸರಿಯಾದ ಕೋಡಿನಲ್ಲಿ ಮತ್ತೆ ಕಳಿಸಿದರೆ ಮುಗಿಯಿತು. ಆದರೆ ಅದಕ್ಕೆ ಒಬ್ಬರು ಕೂತು ಮತ್ತೊಮ್ಮೆ ಎಲ್ಲಾ ಅಪ್‌ಲೋಡ್ ಮಾಡಬೇಕು, ಆಪರೇಷನ್ ದಿನ ಮುಂದೆ ಹೋಗಬಹುದು. ಕೌಂಟರಿನಲ್ಲಿದ್ದವರಿಗೆ ಸುಲಭದ ದಾರಿ ಇನ್ನೊಂದು ಕಂಡಿತು.

"ನಾಳೆ ಬೆಳಿಗ್ಗೆ ಆರೋಗ್ಯಮಿತ್ರರನ್ನು ಹುಡುಕು" ಅಂದೆ ತಮ್ಮನಿಗೆ. ಕಾರ್ಡು ನಡೆಯುವ ಆಸ್ಪತ್ರೆಗಳಲ್ಲಿ ಟ್ರಸ್ಟಿನ ಕಡೆಯಿಂದ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಎಷ್ಟೋ ಜನ ಅವರನ್ನೂ ಆಸ್ಪತ್ರೆಯ ನೌಕರ ಅಂದುಕೊಂಡು ಕೇಳುವುದೇ ಇಲ್ಲ. "ದುಡ್ಡಿನ ಮಾತು ಮೊದಲು ಎತ್ತಬೇಡ. ಚೀಟಿಯಲ್ಲಿ ಎ.ಎಸ್.ಡಿ. ಅಂತ ಐತಿ, ಎಕೋದಾಗ ವಿ.ಎಸ್.ಡಿ. ಅಂತ ಐತಿ, ಅಪ್ರೂವಲ್ ಯಾವುದಕ್ಕೆ ಬಂದೈತಿ ಅಂತ ಅಷ್ಟೇ ಕೇಳು."

"ಅಕ್ಕಾ, ನಾ ಹಂಗ ಕೇಳಿದ್ರ ಸಿಟ್ಟಾಗಿ ಕೂಸಿನ ಮ್ಯಾಲ ತೀರಿಸ್ಕೊಂಡಾರು."

ಓದುಗರೇ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪರೇಷನ್ ಮಾಡುವ ಡಾಕ್ಟರಿಗೆ ಕೌಂಟರಿನ ವ್ಯವಹಾರ ಗೊತ್ತೇ ಇರುವುದಿಲ್ಲ, ಹಾಗೇನೂ ಆಗುವುದಿಲ್ಲ ಅಂತ ನನ್ನ ತಲೆಗೆ ಗೊತ್ತು. ಆದರೆ ಕೂಸನ್ನು ಅವರ ಕೈಯಲ್ಲಿ ಇಟ್ಟವನು ನಾನಲ್ಲ. ಕೊನೆಗೆ ಚಿಗವ್ವ ಫೋನ್ ಕಸಿದುಕೊಂಡು, "ಏನಂತ ಕೇಳಬೇಕು ನನಗ ಹೇಳು, ನಾ ಕೇಳತೀನಿ" ಅಂದಳು. ಎ, ವಿ ಎರಡು ಅಕ್ಷರ ಅವಳಿಗೆ ಬಾಯಿಪಾಠ ಮಾಡಿಸಿದೆ. ಚಿಗವ್ವ ಮೂರನೇ ಇಯತ್ತೆ. "ವಿ ಅಂದ್ರ ಕೆಳಗಿಂದು, ಎ ಅಂದ್ರ ಮ್ಯಾಲಿಂದು" ಅಂತ ಫೋನಿನಲ್ಲೇ ನಾಲ್ಕು ಸಲ ಒಪ್ಪಿಸಿದಳು.

ಮರುದಿನ ಆರೋಗ್ಯಮಿತ್ರ ಹುಡುಗ ಕಾಗದ ನೋಡಿದವನೇ ತಪ್ಪು ಒಪ್ಪಿಕೊಂಡ. ಅವನದ್ದಲ್ಲದ ತಪ್ಪು. ಆದರೆ ಇನ್ನೊಂದು ಗಂಟು ಬಿತ್ತು. ಕೂಸಿನ ಹೆಸರು ರೇಷನ್ ಕಾರ್ಡಿನಲ್ಲಿ ಇಲ್ಲ. ಆಸ್ಪತ್ರೆ ಕಾಗದದಲ್ಲೆಲ್ಲ ಅವ್ವನ ಹೆಸರಿನ ಹಿಂದೆ "ಬೇಬಿ ಆಫ್" ಅಂತ ಇದೆ. ಜನನ ಪ್ರಮಾಣಪತ್ರದಲ್ಲಿ ಹೆಸರು ಬರೆಸಿದ್ದರು, ಅದು ಮನೆಯ ಟ್ರಂಕಿನಲ್ಲಿ ಇತ್ತು. ನಾನು ಹೋಗಿ ಸೀರೆಗಳ ಅಡಿಯಿಂದ ತೆಗೆದು ಫೋಟೋ ಹೊಡೆದು ಕಳಿಸಿದೆ. ಆ ಒಂದು ಕಾಗದ ಇರದಿದ್ದರೆ ಇನ್ನೆಷ್ಟು ದಿನವೋ. ಹೆಸರಿಡುವ ಶಾಸ್ತ್ರ ಮುಗಿದ ವಾರದಲ್ಲೇ ಹೆಸರು ಬರೆಸಿ, ರೇಷನ್ ಕಾರ್ಡಿಗೂ ಸೇರಿಸಿ ಅಂತ ನಾನು ಈಗ ತೊಟ್ಟಿಲಿಗೆ ಕರೆದ ಮನೆಯಲ್ಲೆಲ್ಲ ಹೇಳಿ ಬರುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಹೊಸ ಅಪ್ರೂವಲ್ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ನನಗೆ ನೆನಪಾಗುತ್ತಿದ್ದದ್ದು ನಾನು ಪಿಯುಸಿ ಓದುವಾಗ ನಮ್ಮ ಓಣಿಯಲ್ಲಿದ್ದ ಒಬ್ಬ ಹುಡುಗ. ಓಡಿದರೆ ತುಟಿ ನೀಲಿಯಾಗುತ್ತಿತ್ತು, ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಫ್ಯಾಲೋ ದೋಷದ ಮಕ್ಕಳು ಹಾಗೆ ಕೂರುತ್ತಾರೆ, ಕೂತರೆ ಉಸಿರು ಸ್ವಲ್ಪ ಹಗುರ ಆಗುತ್ತದೆ ಅಂತ ಆಮೇಲೆ ಚಾರ್ಟು ಓದುತ್ತಾ ತಿಳಿದೆ. 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಬಿಪಿಎಲ್ ಕುಟುಂಬಕ್ಕೆ ಒಂದೂವರೆ ಲಕ್ಷ, ಬೇಕಾದರೆ ಇನ್ನೂ ಐವತ್ತು ಸಾವಿರ, ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ. ಆದರೆ ಮೊದಲು ಗುಲ್ಬರ್ಗಾ ವಿಭಾಗಕ್ಕೆ ಮಾತ್ರ. ಬಳ್ಳಾರಿ ಜಿಲ್ಲೆ ಅದರಲ್ಲಿ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲಾ ಒಳಗೆ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿತ್ತು. ದಾವಣಗೆರೆ ಬೆಂಗಳೂರು ವಿಭಾಗ. ನಾವು ಹೊರಗೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೇ ಚಿಗಟೇರಿ ಅಂತ ಹೆಸರು, ಚಿಗಟೇರಿ ಹುಡುಗನಿಗೆ ಮಾತ್ರ ಯೋಜನೆ ಇಲ್ಲ! ಕೊಟ್ಟೂರಿನಲ್ಲಿದ್ದ ಅವರ ನೆಂಟರ ಕೂಸಿಗೆ ದುಡ್ಡಿಲ್ಲದೆ ಆಪರೇಷನ್ ಆಯಿತು. ಉಳಿದ ಜಿಲ್ಲೆಗಳಿಗೆ ಯೋಜನೆ ಬರುವಾಗ 2012. ಅಷ್ಟು ದಿನ ಆ ಹುಡುಗ ಇರಲಿಲ್ಲ.

ಈ ಗಡಿಯ ಎರಡೂ ಕಡೆಯ ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನಮ್ಮ ಊರು ಅದರಲ್ಲಿ ಇತ್ತು ಅಂತ ನಾನು ಹೇಳುತ್ತಿಲ್ಲ. ಯೋಜನೆ ಇದ್ದ ಕಡೆಯ 300 ಹಳ್ಳಿ, ಇಲ್ಲದ ಕಡೆಯ 272 ಹಳ್ಳಿ. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವು ಈ ಕಡೆ ಶೇಕಡ 0.32, ಆ ಕಡೆ 0.90. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಜಿಲ್ಲೆಯ ಗೆರೆಯೂ ಒಂದು ಕೋಡೇ, ಹಾಕುವವರು ಯಾರೋ. ಆಮೇಲೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ಅಕ್ಟೋಬರಿನಲ್ಲಿ ಆಯುಷ್ಮಾನ್ ಜೊತೆ ಕೂಡಿಕೊಂಡ ಮೇಲೆ ಗೆರೆಯ ಗೋಳು ಮುಗಿಯಿತು. ಈಗ ಉಳಿದಿರುವುದು ಅಕ್ಷರದ ಗೋಳು.

ಆಸ್ಪತ್ರೆಯವರ ಪರವಾಗಿ ಒಂದು ಮಾತು ಹೇಳದಿದ್ದರೆ ನಾನು ಮಾಡಿದ ಕೆಲಸಕ್ಕೆ ಅನ್ಯಾಯ. ಪ್ಯಾಕೇಜು ಅಂದರೆ ಕೂಸು ಐಸಿಯುನಲ್ಲಿ ಮೂರು ದಿನ ಇದ್ದರೂ ಹನ್ನೆರಡು ದಿನ ಇದ್ದರೂ ಸಾಮಾನ್ಯವಾಗಿ ಅಷ್ಟೇ ದುಡ್ಡು. ನಮ್ಮ ಕಡೆಯಿಂದ ಹೋಗುವ ಕೂಸುಗಳು ಸೊರಗಿರುತ್ತವೆ, ಕಫ ಕಟ್ಟಿರುತ್ತದೆ, ಚೇತರಿಕೆ ನಿಧಾನ. ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಯಂತ್ರದ ಕೊಳವೆ, ಆಮ್ಲಜನಕ ಕೂಡಿಸುವ ಸಾಮಾನು ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಕೊನೆಗೆ ಕ್ಲೇಮಿನಲ್ಲಿ ಒಂದು ಕಾಗದ ಕಡಿಮೆ ಆದರೆ ದುಡ್ಡು ನಿಲ್ಲುತ್ತದೆ. ಇದೆಲ್ಲ ಸುಳ್ಳಲ್ಲ. ಆದರೆ ಅದನ್ನು ಟ್ರಸ್ಟಿನ ಜೊತೆ ಜಗಳ ಆಡಿ ತೀರಿಸಿಕೊಳ್ಳಬೇಕು. ಬೆಂಡೋಲೆಯ ಹತ್ತಿರ ಅಲ್ಲ.

ನನ್ನ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ ಒಂದೇ: ಬರೆದಿಲ್ಲ ಅಂದರೆ ಮಾಡಿಲ್ಲ. ಡಾಕ್ಟರು ಹತ್ತು ತಾಸು ನಿಂತು ಆಪರೇಷನ್ ಮಾಡಿರಲಿ, ನೋಟಿನಲ್ಲಿ ಬರೆಯದಿದ್ದರೆ ಕೋಡರು ಊಹೆ ಮಾಡಿ ಹಾಕುವಂತಿಲ್ಲ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಬರೆದು ಕಳಿಸಬೇಕು, ಉತ್ತರ ಬಂದ ಮೇಲೆಯೇ ಮುಂದೆ. ಈ ಪಾಠ ಅಪ್ಪ-ಅವ್ವಂದಿರಿಗೂ ಬೇಕು ಅಂತ ಈಗ ಅನ್ನಿಸುತ್ತದೆ. ರೆಫರಲ್ ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು, "ಸಾರ್, ಕೂಸಿಗೆ ಏನಾಗೇತಿ ಅಂತ ಬಿಡಿಸಿ ದೊಡ್ಡ ಅಕ್ಷರದಾಗ ಬರೀರಿ" ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಬರೀ "ಹೃದಯದ ತೊಂದರೆ" ಅಂತ ಬರೆದ ಚೀಟಿ ಮುಂದೆ ಬಾಗಿಲು ಬಾಗಿಲಿಗೂ ನಿಲ್ಲಿಸುತ್ತದೆ. ಎಕೋ ಹೊಸದಾಗಿ ಮಾಡಿದರೆ ಅದನ್ನೂ ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ಒಂದೇ ಅಕ್ಷರ ಇದೆಯಾ ನೋಡಿ, ಓದು ಬಾರದಿದ್ದರೆ ಊರಿನ ಯಾವುದಾದರೂ ಕಾಲೇಜು ಹುಡುಗಿಗೆ ಕಳಿಸಿ. ಹುಟ್ಟಿದ ಕೂಸು ನೀಲಿಗಟ್ಟಿ ಪ್ರಾಣಕ್ಕೆ ಬಂದಿದ್ದರೆ ಮಾತ್ರ ಚೀಟಿಗೆ ಅಂತ ಅಲೆಯಬೇಡಿ, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಬೇಕಿಲ್ಲ, ನೇರ ಹೋಗಿ. ಕಾರ್ಡು ಇದ್ದೂ ದುಡ್ಡು ಕೇಳಿದರೆ 14555ಕ್ಕೆ ಫೋನ್ ಮಾಡಿ. ಮತ್ತೆ, ಹತ್ತು ರೂಪಾಯಿ ಕೊಟ್ಟರೂ ಸೀಲು ಇರುವ ರಸೀದಿ.

ರಸೀದಿಯ ಮಾತು ಯಾಕೆ ಒತ್ತಿ ಹೇಳಿದೆ ಅಂದರೆ, ಆ ಹದಿನೈದು ಸಾವಿರ ವಾಪಸ್ ಬರಲಿಲ್ಲ. ಕೌಂಟರಿನಲ್ಲಿ ಕೊಟ್ಟದ್ದು ಒಂದು ಬಿಳಿ ಚೀಟಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಅಂಕೆ. ಸೀಲು ಇಲ್ಲ, ಸಹಿ ಇಲ್ಲ. ಬರೆದಿಲ್ಲ ಅಂದರೆ ಕೊಟ್ಟಿಲ್ಲ. "ಹೋಗಲಿ ಬಿಡು, ಕೂಸು ಬಂತಲ್ಲ" ಅನ್ನುತ್ತಾಳೆ ಚಿಗವ್ವ. ನನಗೆ ಬಿಡಲು ಆಗಿಲ್ಲ. ಬೆಂಡೋಲೆ ಇನ್ನೂ ಬಿಡಿಸಿಕೊಂಡು ಬಂದಿಲ್ಲ. ಹೋದ ವರ್ಷದ ಮೆಕ್ಕೆಜೋಳದ ದುಡ್ಡು ಗೊಬ್ಬರದ ಅಂಗಡಿಗೆ ಸರಿಹೋಯಿತು.

ಆಪರೇಷನ್ ಐದು ತಾಸು ನಡೆಯಿತು. ಎಂಟನೇ ದಿನ ಬಿಡುಗಡೆ. ಆ ದಿನ ಒಂದು ಗಲಾಟೆ ಆಯಿತಂತೆ. ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದು, "ಅಜ್ಜಿ, ಕೂಸಿನ ಅಂಗಿ ಬಿಚ್ಚಿ, ಫೋಟೋ ತೆಗೀಬೇಕು" ಅಂದ. ಹಸಿ ಹೊಲಿಗೆಯ ಎದೆ. ಚಿಗವ್ವ ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ಕೂತುಬಿಟ್ಟಳು, ಕೊಡಲಿಲ್ಲ. ದೃಷ್ಟಿ ತಗಲಿ ಅಷ್ಟಾದ ಕೂಸು, ಈಗ ಫೋಟೋ ಬೇರೆ. ನನಗೆ ಫೋನ್ ಬಂತು.

"ಚಿಗವ್ವಾ, ತೆಗೀಲಿ ಬಿಡು" ಅಂದೆ. "ಆಪರೇಷನ್ ಖರೇನೇ ಆಗೇತಿ ಅಂತ ಸರ್ಕಾರಕ್ಕ ತೋರಿಸಬೇಕು. ಆ ಹೊಲಿಗಿ ಫೋಟೋ ಹೋದ್ರನೇ ಅವರಿಗೆ ದುಡ್ಡು ಬರೋದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂದ್ರ ಇದು ಬಿಲ್ಲಾ?"

"ಹೂಂ ಚಿಗವ್ವಾ, ಇದೇ ಬಿಲ್ಲು."

ಆಮೇಲೆ ಆ ಕಡೆಯಿಂದ ಕೇಳಿಸಿತು, "ತಗೋಪಾ. ಆದ್ರ ಮುಖ ಬರಬಾರದು." ಹುಡುಗ ಏನೋ ಹೇಳಿದ, ಮುಖ ಬರಲೇಬೇಕಂತೆ, ಇಲ್ಲದಿದ್ದರೆ ಯಾರ ಎದೆ ಅಂತ ಗೊತ್ತಾಗುವುದಿಲ್ಲ. ಚಿಗವ್ವ ತನ್ನ ಕಣ್ಣಿನ ಕಾಡಿಗೆ ಬೆರಳಿಗೆ ಒರೆಸಿ ಕೂಸಿನ ಕೆನ್ನೆಗೊಂದು ಬೊಟ್ಟಿಟ್ಟು, ಆಮೇಲೆ ಅಂಗಿ ಬಿಚ್ಚಿಕೊಟ್ಟಳಂತೆ. ಕ್ಲೇಮಿನ ಜೊತೆ ಆ ಬೊಟ್ಟೂ ಹೋಗಿದೆ.

ಕೂಸಿಗೆ ಈಗ ಹತ್ತು ಕೆಜಿ. ಮೊನ್ನೆ ನಮ್ಮ ಮಾಳಿಗೆ ಮೆಟ್ಟಿಲು ಒಬ್ಬಳೇ ಹತ್ತಿ ಬಂದು ನನ್ನ ಲ್ಯಾಪ್‌ಟಾಪಿನ ಗುಂಡಿ ಕಿತ್ತಳು. ಮುಂದಿನ ತಿಂಗಳು ಮತ್ತೆ ಎಕೋಗೆ ಹೋಗಬೇಕು. ಬಸ್ ಚಾರ್ಜು ಯಾವ ಪ್ಯಾಕೇಜಿನಲ್ಲೂ ಇಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದ್ದರಿಂದ ಈ ಸಲ ಅಪ್ಪನನ್ನು ಬಿಟ್ಟು ಅಜ್ಜಿ, ಅವ್ವ, ನಾನು ಹೊರಟಿದ್ದೇವೆ.